ಮ್ಯಾಗ್ನೆಟ್ ಅಂಟಿದರೆ ನಕಲಿ ಸ್ಟೀಲಾ? ಅಡುಗೆಮನೆ ಕಟ್ಟೆಗೆ ಯಾವ ಸ್ಟೇನ್‌ಲೆಸ್ ಸ್ಟೀಲ್ ಸರಿ?

ಮನೆ ಕಟ್ಟಿಸುವವರ, ಅಡುಗೆಮನೆ ಹೊಸದು ಮಾಡಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಆಗಾಗ ತಿರುಗಿ ಬರುತ್ತದೆ. ಅದರ ಸಾರಾಂಶ ಇಷ್ಟು: ಸ್ಟೀಲ್ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ, ಅಂಟಿಕೊಂಡರೆ ಅದು ನಕಲಿ, ತುಕ್ಕು ಹಿಡಿಯುತ್ತದೆ, ಅಂಟಿಕೊಳ್ಳದಿದ್ದರೆ ಅಸಲಿ 304. ಕೆಲವು ಸಂದೇಶಗಳಲ್ಲಿ ಇದಕ್ಕೆ ಬಾಲವೂ ಇರುತ್ತದೆ: ಮ್ಯಾಗ್ನೆಟ್ ಅಂಟುವ ಸ್ಟೀಲ್ ಆರೋಗ್ಯಕ್ಕೆ ಹಾನಿಕರ, ಎಲ್ಲರಿಗೂ ಕಳುಹಿಸಿ.

ಮ್ಯಾಗ್ನೆಟ್ ಪರೀಕ್ಷೆ ಪೂರ್ತಿ ಸುಳ್ಳಲ್ಲ, ಆದರೆ ಅದನ್ನೇ ನಂಬಿ ಕೊಂಡರೆ ಎರಡು ಕಡೆಯಿಂದಲೂ ಮೋಸ ಹೋಗುವ ಸಾಧ್ಯತೆ ಇದೆ. ಒಳ್ಳೆಯ ಹಾಳೆಯನ್ನು ನಕಲಿ ಎಂದು ವಾಪಸ್ ಕಳಿಸಬಹುದು. ಅದಕ್ಕಿಂತ ಹೆಚ್ಚಾಗಿ, ಅಗ್ಗದ ಹಾಳೆಗೆ 304ರ ಬೆಲೆ ಕೊಟ್ಟು ಖುಷಿಯಿಂದ ಮನೆಗೆ ತರಬಹುದು. ನಮ್ಮ ಮಾರುಕಟ್ಟೆಯಲ್ಲಿ ಎರಡನೆಯದೇ ಹೆಚ್ಚು ಅಪಾಯ. ಕಾರಣ ಸರಳ: ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ.

ಗ್ರಾನೈಟ್ ಕಟ್ಟೆಯಾದರೆ ಒಮ್ಮೆ ಹಾಕಿಸಿ ಮರೆತುಬಿಡಬಹುದು. ಸ್ಟೀಲ್ ಕಟ್ಟೆಯ ವಿಷಯ ಹಾಗಲ್ಲ. ಸಿಂಕ್ ಪಕ್ಕದಲ್ಲಿ ಎರಡು ವರ್ಷಕ್ಕೇ ಕಂದು ಚುಕ್ಕೆ ಏಳತೊಡಗಿದರೆ, ಅದನ್ನು ಕಿತ್ತು ಬದಲಾಯಿಸುವುದು ಹೊಸದು ಹಾಕಿಸುವುದಕ್ಕಿಂತ ದೊಡ್ಡ ತಲೆನೋವು. ಆದ್ದರಿಂದ ಮುಂಗಡ ಕೊಡುವ ಮೊದಲೇ ಒಂದಿಷ್ಟು ವಿಷಯ ತಿಳಿದಿರಲಿ.

ಸ್ಟೇನ್‌ಲೆಸ್ ಎಂದರೆ ಏನು?

ಸಾದಾ ಕಬ್ಬಿಣಕ್ಕೆ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಸೇರಿಸಿದರೆ ಅದು ಸ್ಟೇನ್‌ಲೆಸ್ ಸ್ಟೀಲ್ ಎನಿಸಿಕೊಳ್ಳುತ್ತದೆ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹಾಳೆಯ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಎಷ್ಟು ತೆಳು ಎಂದರೆ ಕೆಲವೇ ನ್ಯಾನೋಮೀಟರ್, ನಮ್ಮ ತಲೆಕೂದಲಿನ ದಪ್ಪದ ಹತ್ತಾರು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಕಾಣದ ಈ ಪೊರೆಯೇ ಒಳಗಿನ ಕಬ್ಬಿಣಕ್ಕೆ ನೀರು, ಗಾಳಿ ತಾಗದಂತೆ ಕಾಯುತ್ತದೆ. ಚಾಕುವಿನಿಂದ ಗೀಚಿದರೆ ಪೊರೆ ಹರಿಯುತ್ತದೆ, ಆದರೆ ಗಾಳಿ ಸಿಕ್ಕ ಕೂಡಲೇ ಮತ್ತೆ ತಾನಾಗಿಯೇ ಕೂಡಿಕೊಳ್ಳುತ್ತದೆ. ಬಣ್ಣ ಬಳಿದ ಕಬ್ಬಿಣದ ಗೇಟು ಒಮ್ಮೆ ಸಿಪ್ಪೆ ಎದ್ದರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ; ಸ್ಟೀಲ್ ತಟ್ಟೆ ವರ್ಷಗಟ್ಟಲೆ ಉಜ್ಜಿಸಿಕೊಂಡರೂ ತುಕ್ಕು ಹಿಡಿಯುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ಗಮನಿಸಿ, ಇದರಲ್ಲಿ ಮ್ಯಾಗ್ನೆಟ್‌ನ ಮಾತೇ ಬಂದಿಲ್ಲ. ತುಕ್ಕು ತಡೆಯುವುದು ಮುಖ್ಯವಾಗಿ ಕ್ರೋಮಿಯಂ. ಮ್ಯಾಗ್ನೆಟ್ ಅಂಟುವುದು ಬಿಡುವುದು ಬೇರೆಯದೇ ಕಥೆ.

ಹಾಗಾದರೆ ಮ್ಯಾಗ್ನೆಟ್ ಏನು ಹೇಳುತ್ತದೆ?

ಲೋಹದೊಳಗೆ ಅಣುಗಳು ಕಂಡಕಂಡಂತೆ ಬಿದ್ದಿರುವುದಿಲ್ಲ, ಚಿಕ್ಕ ಚಿಕ್ಕ ಘನಾಕೃತಿಯ ಚೌಕಟ್ಟಿನಲ್ಲಿ ಜೋಡಿಸಿಕೊಂಡಿರುತ್ತವೆ. ಸ್ಟೀಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಜೋಡಣೆ ಕಾಣುತ್ತೇವೆ. ಮೂಲೆಗಳಲ್ಲಿ ಒಂದೊಂದು, ನಡುವೆ ಒಂದು ಅಣು ಇರುವ ಜೋಡಣೆಗೆ ಮ್ಯಾಗ್ನೆಟ್ ಅಂಟುತ್ತದೆ. ಮೂಲೆಗಳ ಜೊತೆಗೆ ಘನದ ಪ್ರತಿ ಮುಖದ ನಡುವೆಯೂ ಅಣು ಕೂತಿರುವ ಜೋಡಣೆಗೆ ಅಂಟುವುದಿಲ್ಲ. ಮೊದಲನೆಯದಕ್ಕೆ ಫೆರಿಟಿಕ್ ಎಂದೂ ಎರಡನೆಯದಕ್ಕೆ ಆಸ್ಟೆನಿಟಿಕ್ ಎಂದೂ ಹೆಸರು.

ಸಾದಾ ಕಬ್ಬಿಣಕ್ಕೆ ಕೋಣೆಯ ಉಷ್ಣಾಂಶದಲ್ಲಿ ಮೊದಲನೆಯ ಜೋಡಣೆಯೇ ಇಷ್ಟ. ಸಾಕಷ್ಟು ನಿಕಲ್ ಸೇರಿಸಿದರೆ ಅದು ಎರಡನೆಯ ಜೋಡಣೆಯಲ್ಲಿ ನಿಲ್ಲುತ್ತದೆ. 304 ಎನ್ನುವ ದರ್ಜೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. ಒಳ್ಳೆಯ ಚಮಚದ ಹಿಂದೆ 18/8 ಎಂದು ಕೊರೆದಿರುವುದನ್ನು ನೋಡಿರಬಹುದು, ಅದು ಇದೇ ಲೆಕ್ಕ. ಆದ್ದರಿಂದ 304ಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ. ಇಲ್ಲಿಯವರೆಗೆ ವಾಟ್ಸಾಪ್ ಸಂದೇಶ ಸರಿಯಾಗಿಯೇ ಇದೆ.

ತೊಂದರೆ ಶುರುವಾಗುವುದು ಇನ್ನು ಮುಂದೆ. ನಿಕಲ್ ದುಬಾರಿ ಲೋಹ. ಅದೇ ಕೆಲಸವನ್ನು ಮ್ಯಾಂಗನೀಸ್ ಮತ್ತು ನೈಟ್ರೋಜನ್ ಕೂಡ ಮಾಡಬಲ್ಲವು, ಅದೂ ಅಗ್ಗದಲ್ಲಿ. 1950ರ ದಶಕದಲ್ಲಿ ಅಮೆರಿಕದಲ್ಲಿ ನಿಕಲ್ ಅಭಾವ ಬಂದಾಗ ಈ ಉಪಾಯದಿಂದ ಹುಟ್ಟಿದ್ದು 200 ಸರಣಿಯ ಸ್ಟೀಲ್‌ಗಳು. 202ರಲ್ಲಿ 4ರಿಂದ 6 ಶೇಕಡಾ ನಿಕಲ್ ಇದ್ದರೆ, ನಮ್ಮಲ್ಲಿ ಜೆ4 ಎಂಬ ಹೆಸರಿನಲ್ಲಿ ಓಡುವ ದರ್ಜೆಯಲ್ಲಿ ನಿಕಲ್ ಸುಮಾರು 1 ಶೇಕಡಾ ಮಾತ್ರ. ಕ್ರೋಮಿಯಂ ಕೂಡ 304ಕ್ಕಿಂತ ಕಡಿಮೆ, 15-16ರ ಆಸುಪಾಸು. ಆದರೂ ಮ್ಯಾಂಗನೀಸ್ ಕೃಪೆಯಿಂದ ಜೋಡಣೆ ಆಸ್ಟೆನಿಟಿಕ್. ಮ್ಯಾಗ್ನೆಟ್ ಇಟ್ಟರೆ ಜಾರಿ ಬೀಳುತ್ತದೆ. ಅಂಗಡಿಯವರು ನಗುತ್ತಾ 'ನೋಡಿ ಸಾರ್, ಅಂಟಲ್ಲ, ಪಕ್ಕಾ 304' ಎಂದರೆ, ನಿಮ್ಮ ಕೈಯಲ್ಲಿರುವ ಮ್ಯಾಗ್ನೆಟ್ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ಇನ್ನು ಎದುರು ಕಡೆ ನೋಡೋಣ. 430 ಎನ್ನುವ ದರ್ಜೆಯಲ್ಲಿ 16ರಿಂದ 18 ಶೇಕಡಾ ಕ್ರೋಮಿಯಂ ಇದೆ, ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಇದು ಫೆರಿಟಿಕ್, ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಚಮಚಗಳ ಮೇಲೆ 18/0 ಎಂದಿದ್ದರೆ ಅದು ಈ ಬಗೆಯದು. ಇದೂ ಅಪ್ಪಟ ಸ್ಟೇನ್‌ಲೆಸ್ ಸ್ಟೀಲೇ. ನಿಮ್ಮ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುವ ಸ್ಟೀಲ್ ಪಾತ್ರೆಯ ತಳಕ್ಕೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟುತ್ತದೆ. ಅಂಟದಿದ್ದರೆ ಆ ಒಲೆಯ ಮೇಲೆ ಅದು ಕಾಯುವುದೇ ಇಲ್ಲ. ಮ್ಯಾಗ್ನೆಟ್ ಅಂಟುವ ಸ್ಟೀಲೆಲ್ಲ ನಕಲಿ ಎಂದಾದರೆ ಇಂಡಕ್ಷನ್ ಪಾತ್ರೆಗಳೆಲ್ಲ ನಕಲಿ ಎಂದು ಒಪ್ಪಬೇಕಾಗುತ್ತದೆ!

ಇತಿಹಾಸದ ಒಂದು ತಮಾಷೆಯನ್ನೂ ಹೇಳಿಬಿಡುತ್ತೇವೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಬಂದೂಕಿನ ನಳಿಗೆ ಬೇಗ ಸವೆಯದ ಉಕ್ಕು ಹುಡುಕುತ್ತಿದ್ದವರು, ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡರು. ಸುಮಾರು 13 ಶೇಕಡಾ ಕ್ರೋಮಿಯಂ ಇದ್ದ ಆ ಉಕ್ಕಿನಿಂದ ಊಟದ ಚಾಕುಗಳು ತಯಾರಾದವು. ಅದರಲ್ಲಿ ನಿಕಲ್ ಸೇರಿಸಿರಲಿಲ್ಲ, ಮ್ಯಾಗ್ನೆಟ್ ಚೆನ್ನಾಗಿಯೇ ಅಂಟುತ್ತಿತ್ತು. ಸ್ಟೇನ್‌ಲೆಸ್ ಎನ್ನುವ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಉಕ್ಕೇ ವಾಟ್ಸಾಪ್ ಪರೀಕ್ಷೆಯಲ್ಲಿ ಫೇಲ್.

ಅಸಲಿ 304ಕ್ಕೂ ಸ್ವಲ್ಪ ಅಂಟಬಹುದು

ಇದು ಬಹಳ ಜನರಿಗೆ ಗೊತ್ತಿಲ್ಲದ ವಿಷಯ. 304 ಹಾಳೆಯನ್ನು ತಣ್ಣಗಿರುವಾಗಲೇ ಬಗ್ಗಿಸಿದರೆ, ಎಳೆದರೆ, ಅಚ್ಚಿನಲ್ಲಿ ಒತ್ತಿದರೆ, ಆ ಜಾಗದಲ್ಲಿ ಅಣುಗಳ ಜೋಡಣೆ ಕೊಂಚ ಬದಲಾಗುತ್ತದೆ. ಅದರಿಂದ ಕಟ್ಟೆಯ ಮಡಚಿದ ಅಂಚು, ಸಿಂಕಿನ ಮೂಲೆ, ಲೋಟದ ಬಾಯಿ ಇಲ್ಲೆಲ್ಲ ಮ್ಯಾಗ್ನೆಟ್ ಮೆಲ್ಲಗೆ ಎಳೆಯುತ್ತದೆ. ಬೆಸುಗೆ ಹಾಕಿದ ಗೆರೆಯ ಮೇಲೂ ಹೀಗೇ. ಹಾಳೆಯ ನಡುಭಾಗದಲ್ಲಿ ಅಂಟದೆ, ಅಂಚಿನಲ್ಲಿ ಮಾತ್ರ ಸಣ್ಣ ಸೆಳೆತ ಇದ್ದರೆ ಗಾಬರಿ ಬೇಡ, ಫ್ಯಾಬ್ರಿಕೇಟರ್ ಜೊತೆ ಜಗಳಕ್ಕೂ ಹೋಗಬೇಡಿ.

ಒಟ್ಟಿನಲ್ಲಿ ಮ್ಯಾಗ್ನೆಟ್ ಒಂದೇ ಒಂದು ಕೆಲಸಕ್ಕೆ ಬರುತ್ತದೆ. ಮಡಚದ, ಬೆಸುಗೆ ಇಲ್ಲದ, ಚಪ್ಪಟೆ ಹಾಳೆಯ ನಡುವೆ ಗಟ್ಟಿಯಾಗಿ ಅಂಟಿದರೆ ಅದು 304 ಅಲ್ಲ, ಇಷ್ಟನ್ನು ಹೇಳಬಹುದು. ಅಂಟದಿದ್ದರೆ 304 ಇರಬಹುದು, 316 ಇರಬಹುದು, 202 ಇರಬಹುದು, ಜೆ4 ಇರಬಹುದು.

ಹೊಳಪು ನೋಡಿ ಹೇಳುತ್ತೇವೆ ಎನ್ನುವವರೂ ಇದ್ದಾರೆ. ಯಾವ ದರ್ಜೆಯನ್ನಾದರೂ ಕನ್ನಡಿಯಂತೆ ಪಾಲಿಶ್ ಮಾಡಬಹುದು. ಹೊಳಪಿಗೂ ದರ್ಜೆಗೂ ಸಂಬಂಧ ಇಲ್ಲ.

200 ಸರಣಿ ಎಂದರೆ ವಿಷವೇ, ಕಳ್ಳಮಾಲೇ?

ಎರಡೂ ಅಲ್ಲ. ನಮ್ಮಲ್ಲಿ ಪಾತ್ರೆ ಉದ್ಯಮ ಇದನ್ನು ಬಹಳವಾಗಿ ಬಳಸುತ್ತದೆ. ಕಡಿಮೆ ನಿಕಲ್‌ನ ಆಸ್ಟೆನಿಟಿಕ್ ಹಾಳೆಗಳನ್ನು ಪಾತ್ರೆ ಮತ್ತು ಅಡುಗೆ ಸಲಕರಣೆಗೆ ಬಳಸುವ ಬಗ್ಗೆ ಭಾರತೀಯ ಮಾನಕ ಬ್ಯೂರೋದ ಪ್ರತ್ಯೇಕ ಮಾನದಂಡವೇ ಇದೆ, ಅದರ ಸಂಖ್ಯೆ ಐಎಸ್ 15997. ಒಣಗಿದ ಜಾಗದಲ್ಲಿರುವ ಪಾತ್ರೆ ಸ್ಟ್ಯಾಂಡ್, ಡಬ್ಬಿ, ತೊಳೆದು ಒರೆಸಿಡುವ ತಟ್ಟೆಗೆ ಅದು ಸಾಕು. ಇದು ಸ್ವಲ್ಪ ಗಟ್ಟಿಯೂ ಹೌದು. ತಪ್ಪು ಇರುವುದು ಲೋಹದಲ್ಲಲ್ಲ, 304 ಎಂದು ಹೇಳಿ ಅದರ ಬೆಲೆ ತೆಗೆದುಕೊಂಡು ಇದನ್ನು ಕೊಡುವುದರಲ್ಲಿ.

ಅಡುಗೆ ಕಟ್ಟೆಗೆ ಮಾತ್ರ ನಾವು ಇದನ್ನು ಒಪ್ಪುವುದಿಲ್ಲ. ಕಟ್ಟೆಯ ಜೀವನವೇ ಒದ್ದೆಯ ಜೀವನ. ಸಿಂಕಿನ ಸುತ್ತ ನೀರು, ಒಲೆಯ ಪಕ್ಕ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ರಸ, ಹುಣಸೆಹುಳಿ, ಅದರ ಮೇಲೆ ರಾತ್ರಿಯಿಡೀ ಬಿಟ್ಟ ಒದ್ದೆ ಬಟ್ಟೆ. ಇದರಲ್ಲಿ ಸ್ಟೀಲಿನ ದೊಡ್ಡ ಶತ್ರು ಹುಳಿಯಲ್ಲ, ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ನಾವು ಮೇಲೆ ಹೇಳಿದ ಆ ತೆಳು ಪೊರೆಯನ್ನು ಒಂದೊಂದೇ ಬಿಂದುವಿನಲ್ಲಿ ತೂತು ಮಾಡುತ್ತದೆ. ಮೇಲೆ ಸೂಜಿಮೊನೆಯಷ್ಟು ಕಂದು ಚುಕ್ಕೆ, ಒಳಗೆ ಆಳಕ್ಕೆ ಇಳಿಯುವ ಗುಳಿ. ಕ್ರೋಮಿಯಂ ಕಡಿಮೆಯಾದಷ್ಟೂ ಈ ದಾಳಿ ಸುಲಭ.

ಯಾವ ಜಾಗಕ್ಕೆ ಯಾವುದು?

ಬಹುಪಾಲು ಮನೆಗಳಿಗೆ, ಸಿಂಕ್ ಸೇರಿದ ಕಟ್ಟೆಗೆ 304. ಇದರಲ್ಲಿ ನಮಗೆ ಅನುಮಾನವಿಲ್ಲ. ಬೆಂಗಳೂರಿನ ದರ್ಶಿನಿ ಹೋಟೆಲ್‌ಗಳಿಗೆ ಅಡುಗೆಮನೆ ಮಾಡಿಕೊಡುವವರನ್ನು ಕೇಳಿದರೂ ಒದ್ದೆ ಟೇಬಲ್ಲಿಗೆ ಮೊದಲು ಈ ಸಂಖ್ಯೆಯನ್ನೇ ಹೇಳುತ್ತಾರೆ.

316ರಲ್ಲಿ ಹೆಚ್ಚುವರಿಯಾಗಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ, ನಿಕಲ್ ಕೂಡ 10 ಶೇಕಡಾಕ್ಕಿಂತ ಮೇಲೆ. ಕ್ಲೋರೈಡ್ ದಾಳಿಯನ್ನು ತಡೆಯುವುದರಲ್ಲಿ ಇದು 304ಕ್ಕಿಂತ ಒಂದು ಮೆಟ್ಟಿಲು ಮೇಲೆ. ಎಲ್ಲರಿಗೂ ಬೇಕೇ? ಬೇಡ. ತುಮಕೂರಿನಲ್ಲೋ ದಾವಣಗೆರೆಯಲ್ಲೋ ಮನೆಯೊಳಗಿನ ಕಟ್ಟೆಗೆ 316 ಹಾಕಿಸುವುದು ಖರ್ಚು ಮಾತ್ರ. ಆದರೆ ಕಾರವಾರ, ಮಲ್ಪೆ, ಉಳ್ಳಾಲದಂಥ ಕಡಲಂಚಿನ ಊರಲ್ಲಿ ಹಿತ್ತಲಿನ ತೆರೆದ ಜಾಗದಲ್ಲಿ ಮೀನು ತೊಳೆಯುವ ಕಟ್ಟೆ ಮಾಡಿಸುತ್ತಿದ್ದರೆ ವಿಚಾರ ಬೇರೆ. ಕಡಲ ಗಾಳಿಯ ಜೊತೆ ಬರುವ ಉಪ್ಪು ಹಗಲೂ ರಾತ್ರಿ ಕೂರುತ್ತಲೇ ಇರುತ್ತದೆ. ಅಲ್ಲಿ 304ರ ಮೇಲೂ ಚಹಾ ಚೆಲ್ಲಿದಂಥ ಕಂದು ಛಾಯೆ ಬರುವುದುಂಟು. ಅಂಥಲ್ಲಿ 316ಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಅದೇ ಊರಿನ ಮನೆಯೊಳಗೆ ದಿನಾ ಒರೆಸುವ ಕಟ್ಟೆಗೆ 304 ನಡೆಯುತ್ತದೆ.

430ನ್ನು ಗೋಡೆಗೆ ಹೊಡೆಯುವ ಹಾಳೆ, ಕಪಾಟಿನ ಬಾಗಿಲು, ಒಣ ಶೆಲ್ಫ್‌ಗೆ ಧೈರ್ಯವಾಗಿ ಬಳಸಬಹುದು. ಬೆಸುಗೆ ಹಾಕಿದ ಒದ್ದೆ ಮೂಲೆಗೆ ಬೇಡ.

304ರ ಪಕ್ಕದಲ್ಲಿ ಕೆಲವೊಮ್ಮೆ ಎಲ್ ಎಂಬ ಅಕ್ಷರ ಇರುತ್ತದೆ. ಅಂದರೆ ಇಂಗಾಲ ಕಡಿಮೆ. ದಪ್ಪ ಹಾಳೆಗೆ ಬೆಸುಗೆ ಹಾಕುವಾಗ ಅದರಿಂದ ಲಾಭ, ಮನೆಯ ಕಟ್ಟೆಯ ತೆಳು ಹಾಳೆಗೆ ದೊಡ್ಡ ವ್ಯತ್ಯಾಸವಿಲ್ಲ.

ದರ್ಜೆಗಿಂತ ಹೆಚ್ಚು ಮೋಸ ದಪ್ಪದಲ್ಲಿ

ದರ್ಜೆ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಂಡವರೂ ದಪ್ಪ ಕೇಳುವುದನ್ನು ಮರೆಯುತ್ತಾರೆ. ಅಂಗಡಿಯಲ್ಲಿ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುವುದು ರೂಢಿ, ಅದು ಉಲ್ಟಾ ಲೆಕ್ಕ. ಸಂಖ್ಯೆ ಹೆಚ್ಚಾದಷ್ಟೂ ಹಾಳೆ ತೆಳು. 16 ಗೇಜ್ ಎಂದರೆ ಸುಮಾರು 1.6 ಮಿ.ಮೀ., 18 ಗೇಜ್ ಸುಮಾರು 1.2, 20 ಗೇಜ್ ಸುಮಾರು 0.9, 22 ಗೇಜ್ ಸುಮಾರು 0.7. ಗೇಜ್ ಪಟ್ಟಿಗಳೂ ಒಂದೇ ತರಹ ಇಲ್ಲ, ಹಾಗಾಗಿ ಬಿಲ್ಲಿನಲ್ಲಿ ಮಿಲಿಮೀಟರಿನಲ್ಲೇ ಬರೆಸಿ. ಮನೆಯ ಕಟ್ಟೆಗೆ 1.2 ಮಿ.ಮೀ. ಒಳ್ಳೆಯ ಆಯ್ಕೆ. 0.9 ಹಾಕಿಸಿದರೆ ಕುಕ್ಕರ್ ಜೋರಾಗಿ ಇಟ್ಟಲ್ಲಿ ತಗ್ಗು ಬೀಳುತ್ತದೆ. ಮೇಲೆ ತೆಂಗಿನಕಾಯಿ ಒಡೆಯುವ, ಕಲ್ಲು ಇಟ್ಟು ಕುಟ್ಟುವ ಅಭ್ಯಾಸವಿದ್ದರೆ 1.5 ಅಥವಾ 1.6 ಕೇಳಿ.

ದಪ್ಪವನ್ನು ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆ: ತೂಕ. ಒಂದು ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ಸ್ಟೀಲ್ ಹಾಳೆ ಹತ್ತಿರ ಹತ್ತಿರ 8 ಕೆ.ಜಿ. ತೂಗುತ್ತದೆ. 8 ಅಡಿ ಉದ್ದ, 2 ಅಡಿ ಅಗಲದ ಹಾಳೆ ಎಂದರೆ ಸುಮಾರು 1.49 ಚದರ ಮೀಟರ್. 1.2 ಮಿ.ಮೀ. ಆದರೆ ಸುಮಾರು 14 ಕೆ.ಜಿ. ಬರಬೇಕು, 0.9 ಆದರೆ ಹತ್ತೂವರೆ. ಮೂರೂವರೆ ಕೆ.ಜಿ. ವ್ಯತ್ಯಾಸ ಮನೆಯ ತೂಕದ ಯಂತ್ರದಲ್ಲೇ ಗೊತ್ತಾಗುತ್ತದೆ. ಅಂಚು ಮಡಚಿದ್ದರೆ ಅಷ್ಟು ಅಗಲವನ್ನೂ ಲೆಕ್ಕಕ್ಕೆ ಸೇರಿಸಿ, ಸಿಂಕಿನ ತೂತು ಕೊರೆದಿದ್ದರೆ ಕಳೆಯಿರಿ. ಪ್ಲೈವುಡ್ ಅಂಟಿಸುವ ಮೊದಲು ತೂಗಬೇಕು, ಆಮೇಲೆ ತೂಗಿ ಉಪಯೋಗವಿಲ್ಲ. ತುಂಡು ಹಾಳೆ ಸಿಕ್ಕರೆ ವರ್ನಿಯರ್ ಅಥವಾ ಮೈಕ್ರೋಮೀಟರ್‌ನಲ್ಲಿ ಅಳೆಯುವುದು ಇನ್ನೂ ಸುಲಭ, ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಅಳೆಯಿರಿ.

ಪ್ಲೈವುಡ್ ಎಂದೆವಲ್ಲ, ಅದೂ ಮುಖ್ಯ. ತೆಳು ಸ್ಟೀಲ್ ಹಾಳೆಯ ಕೆಳಗೆ ಆಧಾರ ಇಲ್ಲದಿದ್ದರೆ ಪ್ರತಿ ಪಾತ್ರೆ ಇಟ್ಟಾಗಲೂ ಡಬ್ಬ ಬಡಿದಂಥ ಸದ್ದು. ನೀರು ತಡೆಯುವ ಮರೈನ್ ಪ್ಲೈ ಅಥವಾ ಸಿಮೆಂಟ್ ಬೋರ್ಡ್ ಅಂಟಿಸಿದರೆ ಸದ್ದೂ ಅಡಗುತ್ತದೆ, ತಗ್ಗೂ ಬೀಳುವುದಿಲ್ಲ. ಕುದಿಯುವ ಪಾತ್ರೆಯನ್ನು ನೇರವಾಗಿ ಇಟ್ಟರೆ ಸ್ಟೀಲಿಗೆ ಏನೂ ಆಗದು, ಅದು ಕರಗುವುದು 1400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಆದರೆ ಕೆಳಗಿನ ಅಂಟು ಬಿಡಬಹುದು, ಹಾಳೆ ಉಬ್ಬಬಹುದು. ಹಳೆಯ ಹಾಗೆ ಸಿಂಬಿಯೋ ಸ್ಟ್ಯಾಂಡೋ ಇಟ್ಟು ಅದರ ಮೇಲೆ ಇಳಿಸುವುದೇ ಸರಿ.

ಮೇಲ್ಮೈ ಬಗ್ಗೆ ಒಂದೇ ಮಾತು: ಕನ್ನಡಿ ಹೊಳಪು ಬೇಡ. ಮೊದಲ ವಾರದಲ್ಲೇ ಗೀರು ಕಾಣುತ್ತದೆ, ಬೆರಳಚ್ಚು ಕಾಣುತ್ತದೆ. ಒಂದೇ ದಿಕ್ಕಿಗೆ ಸಣ್ಣ ಗೆರೆ ಇರುವ ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ, ಹೊಸ ಗೀರುಗಳು ಅದರಲ್ಲೇ ಬೆರೆತುಹೋಗುತ್ತವೆ.

ಹಾಗಾದರೆ ದರ್ಜೆ ಗೊತ್ತುಮಾಡಿಕೊಳ್ಳುವುದು ಹೇಗೆ?

ಅತ್ಯಂತ ಖಚಿತವಾದದ್ದು ಎಕ್ಸ್‌ಆರ್‌ಎಫ್ ಎನ್ನುವ ಯಂತ್ರ. ಚಿನ್ನದ ಅಂಗಡಿಯಲ್ಲಿ ಕ್ಯಾರೆಟ್ ನೋಡುವ ಯಂತ್ರ ಗೊತ್ತಲ್ಲ, ಅದರದೇ ತತ್ವ. ಲೋಹದ ಮೇಲೆ ಎಕ್ಸ್-ಕಿರಣ ಬಿಟ್ಟು, ತಿರುಗಿ ಬರುವ ಕಿರಣಗಳಿಂದ ಯಾವ ಧಾತು ಎಷ್ಟಿದೆ ಎಂದು ಕೆಲವೇ ಸೆಕೆಂಡಿನಲ್ಲಿ ತೋರಿಸುತ್ತದೆ. ಕೈಯಲ್ಲಿ ಹಿಡಿಯುವ ಗನ್ ರೂಪದಲ್ಲೂ ಇದೆ. ದೊಡ್ಡ ಗುಜರಿ ವ್ಯಾಪಾರಿಗಳು, ಸ್ಟೀಲ್ ಸಗಟು ಮಾರಾಟಗಾರರು ಇಟ್ಟುಕೊಂಡಿರುತ್ತಾರೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಲೋಹ ಪರೀಕ್ಷಾ ಪ್ರಯೋಗಾಲಯಗಳಲ್ಲೂ ದುಡ್ಡು ಕೊಟ್ಟು ಮಾಡಿಸಬಹುದು. ಪರದೆಯ ಮೇಲೆ ನಿಕಲ್ 8ರ ಹತ್ತಿರ, ಕ್ರೋಮಿಯಂ 18ರ ಹತ್ತಿರ, ಮ್ಯಾಂಗನೀಸ್ 2ಕ್ಕಿಂತ ಕೆಳಗೆ ಇದ್ದರೆ 304. ಮ್ಯಾಂಗನೀಸ್ 7, 8, 9 ಎಂದು ಬಂದರೆ ಅದು 200 ಸರಣಿ, ಮುಂದೆ ಮಾತಿಲ್ಲ.

ಅಷ್ಟು ದೂರ ಹೋಗಲಾಗದವರಿಗೆ ಆನ್‌ಲೈನಿನಲ್ಲಿ ಸಣ್ಣ ಸೀಸೆಯ ಪರೀಕ್ಷಾ ದ್ರವ ಸಿಗುತ್ತದೆ. ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸಿದರೆ ಬಣ್ಣ ಬದಲಾಗುತ್ತದೆ. ಒಂದೊಂದು ಕಂಪನಿಯ ದ್ರವ ಒಂದೊಂದು ಧಾತುವನ್ನು ಹಿಡಿಯುವುದರಿಂದ ಬಣ್ಣದ ಅರ್ಥವೂ ಬೇರೆ ಬೇರೆ, ಯೂಟ್ಯೂಬಿನಲ್ಲಿ ನೋಡಿದ ಬಣ್ಣಕ್ಕೆ ಹೋಲಿಸಬೇಡಿ, ಡಬ್ಬಿಯ ಮೇಲಿನದನ್ನು ಓದಿ. ಕಲೆ ಉಳಿಯುತ್ತದೆ, ಆದ್ದರಿಂದ ಕತ್ತರಿಸಿ ಉಳಿದ ತುಂಡಿನ ಮೇಲೆ ಮಾಡಿ. ದ್ರವ ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಕಾಗದದ ದಾರಿಯೂ ಇದೆ, ನಮ್ಮ ಪ್ರಕಾರ ಸಾಮಾನ್ಯ ಗ್ರಾಹಕನಿಗೆ ಅದೇ ಹೆಚ್ಚು ಬಲ. ಸ್ಟೀಲ್ ಕಾರ್ಖಾನೆ ತನ್ನ ಪ್ರತಿ ತಂಡದ ಮಾಲಿಗೂ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೊಡುತ್ತದೆ. ಅದರಲ್ಲಿ ಹೀಟ್ ನಂಬರ್, ಧಾತುಗಳ ಶೇಕಡಾ ಪ್ರಮಾಣ ಎಲ್ಲ ಇರುತ್ತದೆ. ಅದರ ಪ್ರತಿ ಕೇಳಿ. ಮೇಲಿನ ಪ್ಲಾಸ್ಟಿಕ್ ಹಾಳೆಯ ಮೇಲೆ 304 ಎಂದು ಮುದ್ರಿಸಿದೆ ಎಂಬುದನ್ನು ಮಾತ್ರ ನಂಬಬೇಡಿ, ಪ್ಲಾಸ್ಟಿಕ್ ಎಲ್ಲಿ ಬೇಕಾದರೂ ಅಂಟಿಸಬಹುದು. ಜಿಎಸ್‌ಟಿ ಬಿಲ್ಲಿನಲ್ಲಿ 'ಎಸ್‌ಎಸ್ ಶೀಟ್' ಎಂದಷ್ಟೇ ಬರೆದಿದ್ದರೆ ನಾಳೆ ನೀವು ಏನನ್ನೂ ಸಾಬೀತು ಮಾಡಲಾರಿರಿ. 'ಎಸ್‌ಎಸ್ 304, 1.2 ಮಿ.ಮೀ.' ಎಂದೇ ಬರೆಸಿ. 'ಅದೇನು ಸಾರ್, ನಂಬಿಕೆ ಇಲ್ವಾ' ಎಂದು ಮುಖ ಸಣ್ಣ ಮಾಡುವ ವ್ಯಾಪಾರಿ ಬರೆಯಲು ಏಕೆ ಹಿಂಜರಿಯುತ್ತಿದ್ದಾರೆ ಎಂದು ನೀವೇ ಯೋಚಿಸಿ. ಬರೆದುಕೊಟ್ಟ ಮೇಲೆ ಬೇರೆ ಮಾಲು ಬಂದರೆ ಗ್ರಾಹಕರ ಆಯೋಗಕ್ಕೆ ಹೋಗಲು ಆ ಬಿಲ್ಲೇ ಆಧಾರ.

304 ಹಾಕಿಸಿದರೂ ತುಕ್ಕು ಬಂತು, ಏಕೆ?

ನಿಜವಾದ 304 ಮೇಲೂ ಕಂದು ಚುಕ್ಕೆ ಬರುವುದುಂಟು, ಆಗೆಲ್ಲ ಮೋಸವಾಗಿದೆ ಎಂದಲ್ಲ. ಸಾಮಾನ್ಯ ಕಾರಣ, ಬೇರೆ ಕಬ್ಬಿಣ. ಗೇಟು ಕಿಟಕಿ ಮಾಡುವ ವರ್ಕ್‌ಶಾಪಿನಲ್ಲಿ ಸಾದಾ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರದಲ್ಲೇ ನಿಮ್ಮ ಕಟ್ಟೆಯನ್ನೂ ಉಜ್ಜಿದರೆ, ಕಬ್ಬಿಣದ ಪುಡಿ ಸ್ಟೀಲಿಗೆ ಕಚ್ಚಿಕೊಳ್ಳುತ್ತದೆ. ತುಕ್ಕು ಹಿಡಿಯುವುದು ಆ ಪುಡಿ. ಬೆಸುಗೆಯ ಪಕ್ಕ ಕಾಮನಬಿಲ್ಲಿನಂಥ ನೀಲಿ-ಕಂದು ಬಣ್ಣ ಉಳಿದಿದ್ದರೆ ಅಲ್ಲಿ ಕಾಯುವ ಪೊರೆ ದುರ್ಬಲವಾಗಿದೆ ಎಂದರ್ಥ, ಅದನ್ನು ಪೂರ್ತಿ ತೆಗೆದು ಪಾಲಿಶ್ ಮಾಡಿಕೊಡಲು ಹೇಳಿ. ಮನೆಯಲ್ಲಿ ಒದ್ದೆ ಕಬ್ಬಿಣದ ತವಾ ಇಟ್ಟ ಜಾಗದಲ್ಲಿ ಉಳಿಯುವ ಕಂದು ಉಂಗುರವೂ ತವಾದ ತುಕ್ಕೇ ಹೊರತು ಕಟ್ಟೆಯದಲ್ಲ.

ಹೀಗೆ ಬಂದ ಚುಕ್ಕೆಗೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಮೆತ್ತನೆಯ ಬಟ್ಟೆಯಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿದರೆ ಸಾಮಾನ್ಯವಾಗಿ ಹೋಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ್ದು, ಅದಕ್ಕೆ ನಿಂಬೆರಸ ಅಥವಾ ವಿನಿಗರ್ ಹಚ್ಚಿ ತೊಳೆದು ಒರೆಸಿ. ತಂತಿಯ ಸ್ಕ್ರಬ್ಬರ್ ಕಟ್ಟೆಗೆ ಬೇಡ.

ಇಲ್ಲಿ ಒಂದು ವಿಷಯವನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ತುಕ್ಕು ಹೋಗಲಿ ಎಂದು ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ಟೈಲ್ಸ್ ಕ್ಲೀನರ್ ಹಾಕಬೇಡಿ. ಅವುಗಳಲ್ಲಿ ಹೆಚ್ಚಿನವಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ, ಅದು 304, 316 ಯಾವುದನ್ನೂ ಬಿಡುವುದಿಲ್ಲ. ಬ್ಲೀಚ್ ಕೂಡ ಕ್ಲೋರಿನ್ ಕುಟುಂಬದ್ದೇ, ಕಟ್ಟೆಯ ಮೇಲೆ ನಿಂತರೆ ಗುಳಿ ಬೀಳಿಸುತ್ತದೆ. ಒಂದು ಕೆಲಸ ಮಾಡಲಿಲ್ಲವೆಂದು ಇನ್ನೊಂದನ್ನು ಅದರ ಮೇಲೇ ಸುರಿದರಂತೂ ಕಟ್ಟೆಯ ಚಿಂತೆ ಬಿಡಿ, ಆಸಿಡ್ ಮತ್ತು ಬ್ಲೀಚ್ ಸೇರಿದಾಗ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಅದು ಪ್ರಾಣಾಪಾಯ. ಇವೆರಡನ್ನು ಬೆರೆಸುವ 'ಸೂಪರ್ ಕ್ಲೀನರ್' ಫಾರ್ವರ್ಡ್ ನಿಮಗೆ ಬಂದಿದ್ದರೆ ಕಳುಹಿಸಿದವರಿಗೆ ಫೋನ್ ಮಾಡಿಯಾದರೂ ತಿಳಿಸಿ.

ಆರೋಗ್ಯದ ಬಗ್ಗೆ ಬರುವ ಮಾತುಗಳು

ಮ್ಯಾಗ್ನೆಟ್ ಅಂಟುವ ಸ್ಟೀಲ್ ಆರೋಗ್ಯಕ್ಕೆ ಹಾನಿ ಎನ್ನುವುದಕ್ಕೆ ಆಧಾರವಿಲ್ಲ. ಅಂಟುವುದು ಅಣುಗಳ ಜೋಡಣೆಯ ಗುಣ, ಅದು ಊಟಕ್ಕೆ ಇಳಿಯುವ ವಸ್ತುವಲ್ಲ. ಕ್ರೋಮಿಯಂ ಕ್ಯಾನ್ಸರ್‌ಕಾರಕ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ರೂಪ ಅಪಾಯಕಾರಿ. ಆದರೆ ಕಟ್ಟೆಯ ಮೇಲಿನ ಪೊರೆಯಲ್ಲಿರುವುದು ಆ ರೂಪವಲ್ಲ. ಸ್ಟೇನ್‌ಲೆಸ್ ಸ್ಟೀಲಿಗೆ ಬೆಸುಗೆ ಹಾಕುವಾಗ ಏಳುವ ಹೊಗೆಯಲ್ಲಿ ಅದು ಹುಟ್ಟುತ್ತದೆ, ಹಾಗಾಗಿ ಚಿಂತೆ ಮಾಡಬೇಕಾದದ್ದು ಬೆಸುಗೆ ಹಾಕುವ ಕೆಲಸಗಾರನ ಬಗ್ಗೆ. ನಿಮ್ಮ ಮನೆಯೊಳಗೇ ಬೆಸುಗೆ ನಡೆದರೆ ಕಿಟಕಿ ಬಾಗಿಲು ತೆರೆದಿಡಿ, ಮಕ್ಕಳನ್ನು ಹೊರಗೆ ಕಳಿಸಿ, ಕೆಲಸಗಾರರು ಸರಿಯಾದ ಮಾಸ್ಕ್ ಹಾಕಿದ್ದಾರಾ ನೋಡಿ.

ನಿಕಲ್ ಅಲರ್ಜಿ ಇರುವವರು ಇದ್ದಾರೆ, ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುವವರು ಸಾಮಾನ್ಯವಾಗಿ ಇವರೇ. ಒಳ್ಳೆಯ ಸ್ಟೀಲ್ ಕಟ್ಟೆಯ ಮೇಲೆ ಕೈಯಿಟ್ಟ ಮಾತ್ರಕ್ಕೆ ಹೊರಬರುವ ನಿಕಲ್ ತೀರಾ ಅಲ್ಪ. ಅಲರ್ಜಿ ತೀವ್ರವಾಗಿರುವವರು ಚರ್ಮವೈದ್ಯರನ್ನು ಕೇಳಿ ನಿರ್ಧರಿಸಲಿ.

ಸ್ಟೀಲ್ ತಾನಾಗಿಯೇ ರೋಗಾಣು ಕೊಲ್ಲುತ್ತದೆ ಎನ್ನುವುದೂ ತಪ್ಪು. ಆ ಗುಣ ಇರುವುದು ತಾಮ್ರಕ್ಕೆ. 2020ರಲ್ಲಿ ಕೊರೊನಾ ವೈರಸ್ ಮೇಲೆ ನಡೆದ ಪ್ರಯೋಗಾಲಯದ ಅಧ್ಯಯನದಲ್ಲಿ ತಾಮ್ರದ ಮೇಲೆ 4 ಗಂಟೆಯ ನಂತರ ಜೀವಂತ ವೈರಸ್ ಸಿಗಲಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಮತ್ತು ಪ್ಲಾಸ್ಟಿಕ್ ಮೇಲೆ 72 ಗಂಟೆಯವರೆಗೂ ಸಿಕ್ಕಿತ್ತು. ಹೋಟೆಲ್, ಆಸ್ಪತ್ರೆಗಳು ಸ್ಟೀಲನ್ನೇ ಬಳಸುವುದು ಅದರಲ್ಲಿ ಸಣ್ಣ ರಂಧ್ರಗಳಿಲ್ಲ, ಸೋಪು ನೀರಿನಲ್ಲಿ ಒಮ್ಮೆ ಒರೆಸಿದರೆ ಸ್ವಚ್ಛವಾಗುತ್ತದೆ ಎಂಬ ಕಾರಣಕ್ಕೆ. ಒರೆಸುವ ಕೆಲಸ ನಮ್ಮದೇ.

ಕೊನೆಗೆ, ಕಟ್ಟೆ ಕೂರಿಸಿದ ದಿನವೇ ಮಾಡಬೇಕಾದ ಒಂದು ಕೆಲಸ. ಹೊಸತನ ಉಳಿಯಲಿ ಎಂದು ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ತಿಂಗಳುಗಟ್ಟಲೆ ಹಾಗೇ ಬಿಡುವವರಿದ್ದಾರೆ. ಒಲೆಯ ಶಾಖಕ್ಕೆ ಅದರ ಅಂಟು ಗಟ್ಟಿಯಾಗಿ ಆಮೇಲೆ ಸುಲಭವಾಗಿ ಬರುವುದಿಲ್ಲ, ಅಂಚಿನಿಂದ ಒಳಗೆ ಹೋದ ಉಪ್ಪುನೀರು ಆರದೆ ಅಲ್ಲೇ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಪೂರ್ತಿ ಕಿತ್ತು ತೆಗೆಯಿರಿ, ಸೋಪು ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಮಿಲ್ ಸರ್ಟಿಫಿಕೇಟ್ ಮತ್ತು ಬಿಲ್ಲಿನ ಫೋಟೋ ತೆಗೆದು ಮೊಬೈಲಿನಲ್ಲಿಡಿ, ಥರ್ಮಲ್ ಕಾಗದದ ಬಿಲ್ಲುಗಳು ವರ್ಷದೊಳಗೆ ಮಾಸಿಹೋಗುತ್ತವೆ.